ತಾನಾಗಿ ಒಡೆದ ಮೇಯೋನೀಸ್

ಕೆಟ್ಟವನು ತಾನು ಕೆಟ್ಟೆನೆಂದು ತಾನೇ ಹೇಳಬೇಕು ಎಂಬುದು ಫ್ರಿಜ್ಜಿನೊಳಗಿನ ನಿಯಮ. ಅದನ್ನು ಮುರಿಯದವರೇ ಅಲ್ಲಿರಲಿಲ್ಲ. ಬೂಷ್ಟು ಹಿಡಿದ ಚಟ್ನಿ ಮುಚ್ಚಳದಡಿ ಅಡಗಿತ್ತು. ಅಂಗಡಿಯಿಂದ ಬಂದ ಮೇಯೋನೀಸ್ ಬಾಟಲಿಯಂತೂ ತನ್ನ ಮೇಲೆ ಅಚ್ಚಾಗಿದ್ದ ಕೊನೆಯ ತಾರೀಖನ್ನು ಗೋಡೆಗೆ ತಿರುಗಿಸಿಕೊಂಡು ಠೀವಿಯಿಂದ ನಿಂತಿತ್ತು.

ಪಕ್ಕದ ಬಟ್ಟಲಿನಲ್ಲಿದ್ದ, ಮನೆಯಲ್ಲೇ ಕಡೆದ ಮೇಯೋನೀಸ್ ಹೇಳಿತು: "ಅಣ್ಣಾ, ನಾನು ಹಸಿ ಮೊಟ್ಟೆಯವನು. ನನ್ನ ಕಾಲ ಮುಗಿಯಿತು."

"ಬಾಯಿ ಮುಚ್ಚು ತಮ್ಮಾ," ಬಾಟಲಿ ಗದರಿತು. "ಬೆಳ್ಳಗೆ, ನುಣ್ಣಗೆ ಇದ್ದೀಯ. ಯಾರಿಗೆ ಗೊತ್ತಾಗುತ್ತೆ?"

"ತಿನ್ನುವ ಮಗುವಿನ ಹೊಟ್ಟೆಗೆ."

"ಹೇಳಿದರೆ ನಿನ್ನನ್ನು ಮೋರಿಗೆ ಸುರಿಯುತ್ತಾರೆ, ಮಹಾನುಭಾವ!"

"ಸುರಿಯಲಿ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗುವಿನ ಬ್ರೆಡ್ಡಿಗೆ ಹಚ್ಚಲೆಂದು ತಾಯಿ ಬಟ್ಟಲನ್ನೇ ಎತ್ತಿಕೊಂಡಳು. ಬಾಟಲಿ ಉಸಿರು ಬಿಗಿಹಿಡಿಯಿತು. ಎಣ್ಣೆಯನ್ನೂ ಮೊಟ್ಟೆಯನ್ನೂ ಒಂದಾಗಿ ಹಿಡಿದಿಡುವುದೇ ಮೇಯೋನೀಸಿನ ಪ್ರಾಣ. ಆ ಹಿಡಿತವನ್ನು ಕೈಯಾರೆ ಬಿಡುವವರು ಈ ಲೋಕದಲ್ಲಿ ಇದ್ದಾರೆಂದು ಬಾಟಲಿ ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಚಮಚ ಅದ್ದುವ ಮೊದಲೇ, ಅವಳ ಕಣ್ಣೆದುರಿಗೇ, ಬಟ್ಟಲಿನ ಮೇಯೋನೀಸ್ ಎಣ್ಣೆಯನ್ನು ಒಂದು ಕಡೆಗೂ ಮೊಟ್ಟೆಯನ್ನು ಇನ್ನೊಂದು ಕಡೆಗೂ ಬಿಟ್ಟು, ತಾನಾಗಿಯೇ ಒಡೆದುಕೊಂಡಿತು.