ಅಚ್ಚು ತಪ್ಪಿದ ನಾಣ್ಯವೂ ಬೋರಣ್ಣನೂ

ಹತ್ತಿರ ಕೂತ್ಕೊಳ್ಳಿ, ಹೇಳ್ತೀನಿ. ಬೋರಣ್ಣ ಅಂತ ಒಬ್ಬ ಇದ್ದ. ಆಳು ಎತ್ತರ, ಬುದ್ಧಿ ಗಿಡ್ಡ. ಅವನವ್ವ ಕೆಂಪಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಸೋತಿದ್ಲು.

ಮಗನ ಮದುವೆ ಮಾಡ್ಬೇಕು. ಮನೇಲಿದ್ದದ್ದು ಗಂಡ ಬಿಟ್ಟುಹೋದ ಹಳೇ ನಾಣ್ಯಗಳು.

"ಪೇಟೇಲಿ ಪದ್ಮರಾಜಯ್ಯ ಹಳೇ ನಾಣ್ಯ ಕೂಡಿಡ್ತಾರಂತೆ. ಒಂದು ತಗೊಂಡು ಹೋಗಿ ತೋರ್ಸು. ದೊಡ್ಡೋರ ಮುಂದೆ ಕೊಳಕಾಗಿ ಹೋಗ್ಬೇಡ, ಥಳಥಳ ಅನ್ನಬೇಕು!"

ಬೋರಣ್ಣ ಹುಣಸೆಹಣ್ಣು ಹಾಕಿ ನಾಣ್ಯ ತಿಕ್ಕಿದ, ಬೂದಿ ಹಾಕಿ ತಿಕ್ಕಿದ, ಅಕ್ಷರ ಅಳಿಯೋವರೆಗೂ ತಿಕ್ಕಿದ. ತಗೊಂಡು ಹೋಗಿ ತೋರಿಸಿದ್ರೆ ಪದ್ಮರಾಜಯ್ಯ ಎದೆ ಹಿಡ್ಕೊಂಡ್ರು.

"ಹಾಳು ಮಾಡಿದ್ಯಲ್ಲೋ! ಹಳೇದನ್ನ ತಿಕ್ತಾರಾ? ಇಲ್ನೋಡು, ನನ್ನ ಹತ್ರ ಇರೋ ಈ ನಾಣ್ಯದ ಅಚ್ಚು ಪಕ್ಕಕ್ಕೆ ಜರುಗಿ ಬಿದ್ದಿದೆ. ಇಂಥಾ ತಪ್ಪಿರೋದು ತಾ, ಹೆಚ್ಚು ಕೊಡ್ತೀನಿ."

ಮನೆಗೆ ಬಂದು ಹೇಳಿದ್ದಕ್ಕೆ ಅವ್ವ ಬೈದ್ಲು. "ತಿಕ್ಕಬೇಡ ಕಣೋ! ತಪ್ಪಿರೋದು ತಗೊಂಡು ಹೋಗು!"

"ಅಷ್ಟೇ ತಾನೆ!"

ಸುತ್ತಿಗೆ ಹಿಡಿದ. ಚೆನ್ನಾಗಿದ್ದ ನಾಣ್ಯನೆಲ್ಲ ಚಚ್ಚಿದ, ಸೊಟ್ಟ ಮಾಡಿದ, ತೂತು ಮಾಡಿದ. ತಗೊಂಡು ಹೋಗಿ ಸುರಿದ.

"ಟಂಕಸಾಲೆಯ ತಪ್ಪಿಗೆ ಬೆಲೆ ಕಣೋ, ನಿನ್ನ ಸುತ್ತಿಗೆ ತಪ್ಪಿಗಲ್ಲ!" ಪದ್ಮರಾಜಯ್ಯ ಕೂಗಾಡಿದ್ರು.

ಬೋರಣ್ಣ ಎದೆ ಸೆಟೆಸಿದ. "ನೀವು ಕೇಳಿದ್ದು ತಪ್ಪು, ನಾನು ತಂದದ್ದು ತಪ್ಪು. ಎಲ್ಲ ಸರಿಯಾಗೇ ಇದೆ!"

ಮನೇಲಿ ಇದನ್ನ ಕೇಳಿ ಕೆಂಪಮ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ! ಕುಂದು ಕಂಡ್ರೆ ಮೊದಲು ಕೇಳೋ: ಹುಟ್ಟುತ್ತಲೇ ಬಂದದ್ದಾ, ಆಮೇಲೆ ಬಿದ್ದ ಪೆಟ್ಟಾ? ಹುಟ್ಟುತ್ತಲೇ ಬಂದಿದ್ರೆ ಬೆಲೆ ಜಾಸ್ತಿ!"

ನಾಣ್ಯ ಹೋದ್ರೂ ಹೆಣ್ಣಾದ್ರೂ ಸಿಗಲಿ ಅಂತ ಪಕ್ಕದೂರಿಗೆ ಕರ್ಕೊಂಡು ಹೋದ್ಲು. ಹುಡುಗಿ ಹೆಸರು ಸಾಕಮ್ಮ. ಮೆಳ್ಳೆಗಣ್ಣು. ಬಂದ ಗಂಡುಗಳೆಲ್ಲ ಕಾಫಿ ಕುಡಿದು ಎದ್ದು ಹೋಗಿದ್ರು. ಅವಳಪ್ಪ ತಲೆ ಎತ್ತಬೇಡ ಅಂದಿದ್ದ.

ಬೋರಣ್ಣ ಬಗ್ಗಿ ನೋಡಿದ. "ಕಣ್ಣು ಪಕ್ಕಕ್ಕೆ ಜರುಗಿದೆ! ಹುಟ್ಟುತ್ತಲೇ ಬಂದದ್ದಾ, ಆಮೇಲೆ ಬಿದ್ದ ಪೆಟ್ಟಾ?"

ಸಾಕಮ್ಮ ಸೆರಗು ಸರಿಸಿ ತಲೆ ಎತ್ತಿದ್ಲು. "ಹುಟ್ಟುತ್ತಲೇ ಬಂದದ್ದು! ಏನೀಗ?"

"ಹಾಗಾದ್ರೆ ಬೆಲೆ ಜಾಸ್ತಿ!"

ಸಾಕಮ್ಮ ಅಪ್ಪನ ಕಡೆ ತಿರುಗಿದ್ಲು. "ಇವನನ್ನೇ ಮಾಡ್ಕೋತೀನಿ. ಯಾರು ಏನೇ ಅನ್ಲಿ!"

ದಾರಿಯುದ್ದಕ್ಕೂ ಕೆಂಪಮ್ಮ ಉಗಿದ್ಲು. "ಹಾಗೆಲ್ಲ ಬಾಯಿಬಿಟ್ಟು ಕೇಳ್ತಾರೇನೋ? ಮಡಕೆ ಕೊಳ್ಳೋವಾಗ ಹೀಗೆ ಕೇಳ್ತೀವಾ? ಬಡಿದು ಸದ್ದು ಕೇಳಿದ್ರೆ ಸಾಕು. ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಒಳಗೆ ಬಿರುಕು!"

ಮದುವೆ ದಿನ. ಮಾವ ಅಳಿಯನ ಕಾಲು ತೊಳೆಯೋಕೆ ಬಗ್ಗಿದ. ಬೋಳುತಲೆ, ಮಿರಿಮಿರಿ ಮಿಂಚ್ತಿತ್ತು. ಬೋರಣ್ಣ ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಎತ್ತಿ ಬಡಿದೇಬಿಟ್ಟ.

ದಬ್!

"ಅವ್ವಾ!" ಚಪ್ಪರ ಹಾರಿಹೋಗೋ ಹಾಗೆ ಕೂಗಿದ. "ಹೆಣ್ಣು ಇರಲಿ, ಈ ಮಾವನ್ನ ವಾಪಸ್ ಕೊಡು! ಒಳಗೆ ಬಿರುಕು!"