ಸದ್ದಿಲ್ಲದ ಕಾರು

ಅಳಿಲಮ್ಮ ಎಲೆಕ್ಟ್ರಿಕ್ ಕಾರು ಬೇಕೆಂದು ಬೆಕ್ಕಣ್ಣನ ಅಂಗಡಿಗೆ ಬಂದಳು. ಮಳೆಗಾಲಕ್ಕೆಂದು ಕೂಡಿಟ್ಟಿದ್ದ ಒಂದೇ ಮೂಟೆ ಕಡಲೆಕಾಯಿಯನ್ನೂ ಹೊತ್ತು ತಂದಿದ್ದಳು.

"ಕೊಳ್ಳುವುದೇಕೆ ತಾಯಿ? ಲೀಸಿಗೆ ತೆಗೆದುಕೊಳ್ಳಿ. ಮುಂಗಡ ಅರ್ಧ ಮೂಟೆ, ಆಮೇಲೆ ತಿಂಗಳಿಗೆ ನಾಲ್ಕು ಹಿಡಿ," ಎಂದ ಬೆಕ್ಕಣ್ಣ.

ಅಳಿಲಮ್ಮನಿಗೆ ಲೀಸು ಹೊಸದಲ್ಲ. ಅವಳು ವಾಸವಿದ್ದ ಪೊಟರೆಯೂ ಲೀಸಿನದೇ. ಖಾಲಿ ಮಾಡುವ ದಿನ ಪೊಟರೆಯ ಮಾಲೀಕರಾದ ಗಿಳಿರಾಯರು ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತಾರೆ. ಹೇಗೂ ವಾಪಸು ಬರುವ ಗಂಟು ಎಂದುಕೊಂಡು, "ಇಡೀ ಮೂಟೆಯನ್ನೇ ಇಟ್ಟುಕೊಳ್ಳಿ, ತಿಂಗಳದ್ದನ್ನು ಎರಡು ಹಿಡಿಗೆ ಇಳಿಸಿ," ಎಂದಳು.

"ಆಗಲಿ. ಒಮ್ಮೆ ಓಡಿಸಿ ನೋಡಿ," ಎಂದು ಬೆಕ್ಕಣ್ಣ ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಪಕ್ಕದಲ್ಲಿ ಕೂತ.

ಕಾರು ಹೊರಟಿತು. ಗುರ್ರ್ ಎಂದು ಸದ್ದು ಕೇಳಿಸಿತು.

"ಎಂಜಿನ್ನಿನಲ್ಲಿ ಏನೋ ತೊಂದರೆಯಿದೆ."

"ಇದಕ್ಕೆ ಎಂಜಿನ್ನೇ ಇಲ್ಲ ತಾಯಿ. ಬ್ಯಾಟರಿ ಗಾಡಿ, ಸದ್ದೇ ಮಾಡುವುದಿಲ್ಲ!"

ಅಳಿಲಮ್ಮ ಕಿವಿಗೊಟ್ಟಳು. ಸದ್ದು ಮೂಟೆ ತಬ್ಬಿ ಹಿಗ್ಗುತ್ತಿದ್ದ ಬೆಕ್ಕಣ್ಣನ ಗಂಟಲಿನಿಂದ ಬರುತ್ತಿತ್ತು. ಅವಳು ಗಾಡಿ ನಿಲ್ಲಿಸಿದಳು.

"ಬೆಕ್ಕಣ್ಣಾ, ಕಾರು ಹಿಂದಿರುಗಿಸಿದ ದಿನ ನನ್ನ ಮೂಟೆ ನನಗೆ ಬರುತ್ತದಲ್ಲ?"

"ಅದು ಮನೆಯ ಲೀಸಿನಲ್ಲಿ. ಇದು ಕಾರಿನ ಲೀಸು."

"ಹಾಗಾದರೆ ಮುಂಗಡವೇ ಬೇಡ. ತಿಂಗಳಿಗೆ ಆರು ಹಿಡಿ ಕೊಡುತ್ತೇನೆ."

"ಆರಕ್ಕೆ ನನಗೇನು ಗಿಟ್ಟೀತು?" ಎಂದು ಬೆಕ್ಕಣ್ಣ ಮುಖ ಸಿಂಡರಿಸಿದ. ಅಳಿಲಮ್ಮ ಬಾಗಿಲು ತೆರೆದು ಇಳಿಯಲು ಹೊರಟಾಗ, "ಸರಿ, ಆಗಲಿ," ಎಂದು ಗೊಣಗಿದ.

ಅಳಿಲಮ್ಮ ಮತ್ತೊಮ್ಮೆ ಕಿವಿಗೊಟ್ಟಳು. ಕಾರಿನೊಳಗೆ ಈಗ ಯಾವ ಸದ್ದೂ ಇರಲಿಲ್ಲ.

"ಈಗ ಗಾಡಿ ಸರಿಹೋಯಿತು," ಎಂದು ಅವಳು ಮೂಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.