ಎರಡು ಮೊಳದ ಬುಟ್ಟಿ

ನಮ್ಮಜ್ಜನ ಅಜ್ಜನೂ ಕಣ್ಣು ಬಿಡದಿದ್ದ ಕಾಲಕ್ಕೆ, ಒಂದೂರಲ್ಲಿ ಮೇದರ ಚಿಕ್ಕೀರಕ್ಕ ಅಂತ ಒಬ್ಬಳಿದ್ದಳಂತೆ. ಒಂದೂರು ಅಂದರೆ ಯಾವುದೋ ಊರಲ್ಲ, ನಮ್ಮ ಮುತ್ತುಗದಹಳ್ಳಿಯೇ. ಅವಳು ಬಿದಿರಲ್ಲಿ ಹೆಣೆದ ಬುಟ್ಟಿಗೆ ನೀರು ಹೊಯ್ದರೂ ತೊಟ್ಟು ಸೋರುತ್ತಿರಲಿಲ್ಲವಂತೆ. ನಂಬದವರು ಬೇರೆ ಊರಿನವರು, ಬಿಡಿ.

ಒಂದು ವರ್ಷ ಊರಿನ ಹಗೇವಿಗೆ ನೀರು ನುಗ್ಗಿತು. ನೆಲದೊಳಗೆ ಇಟ್ಟಿದ್ದ ಬಿತ್ತನೆ ರಾಗಿಯೆಲ್ಲ ಕೊಳೆತುಹೋಯಿತು. ಹೊಲ ಹದಕ್ಕೆ ಬಂದಿದೆ, ಬಿತ್ತೋಕೆ ಹಿಡಿ ಕಾಳಿಲ್ಲ. ಬಿತ್ತದಿದ್ದರೆ ಊರಿಗೆ ಊರೇ ಗುಳೆ ಏಳಬೇಕು.

ಹಳ್ಳದ ಆಚೆ ಹೊನ್ನಗುಡ್ಡದ ಬಿಳಿಗೌಡನ ಮನೆಯಲ್ಲಿ ರಾಗಿ ಅಟ್ಟ ಮುಟ್ಟುತ್ತಿತ್ತಂತೆ. ನಮ್ಮವರು ಹೋಗಿ ಕೇಳಿದರೆ ಮೊಳದ ಬುಟ್ಟಿ ತುಂಬ ಕೊಡುತ್ತೇನೆ ಅಂದನಂತೆ. ನಮ್ಮ ಕಡೆ ಬುಟ್ಟಿಯ ಬಾಯಿ ಎಷ್ಟು ಅಗಲವೋ ಅದೇ ಬುಟ್ಟಿಯ ಹೆಸರು. ಮೊಳದ ಬುಟ್ಟಿ ಅಂದರೆ ಒಬ್ಬ ಹೆಂಗಸಿನ ತಲೆಹೊರೆ, ಊರಿನ ಒಂದು ಮೂಲೆಗೂ ಸಾಲದು. ಜೊತೆಗೆ ಹೋಗಿದ್ದ ಚಿಕ್ಕೀರಕ್ಕ ಎರಡು ಮೊಳದ್ದು ಕೇಳಿದಳು. ಒಂದರ ಬದಲು ಎರಡು ಹೊರೆ ತಾನೇ ಅಂದುಕೊಂಡು ಗೌಡ ನಗುತ್ತಲೇ ಹತ್ತು ಜನರ ಮುಂದೆ ಮಾತು ಕೊಟ್ಟ.

ಅವಳು ಬಂದವಳೇ ಬಿದಿರು ಸೀಳತೊಡಗಿದಳು. ಒಂದು ಬುಟ್ಟಿಗೆ ನಾಲ್ಕು ಬುಟ್ಟಿಯ ಸೀಳು ಸುರಿಯುತ್ತಿದ್ದಾಳೆ, ಇವಳಿಗೆ ತಲೆ ಕೆಟ್ಟಿದೆ ಅಂತ ನಮ್ಮ ಗಂಡಸರೇ ಆಡಿಕೊಂಡರಂತೆ. ಬಾಯಿ ಎರಡರಷ್ಟಾದರೆ ಆಳವೂ ಎರಡರಷ್ಟಾಗಬೇಕು, ಇಲ್ಲದಿದ್ದರೆ ಅದು ಬುಟ್ಟಿಯಲ್ಲ, ತಟ್ಟೆ ಅಂದಳಂತೆ ಅವಳು. ತಳಕ್ಕೆ ಮಾತ್ರ ಎರಡು ಪದರ ಹೆಣೆದು, ಹೊರೋಕೆ ಅಂತ ಕೆಳಗೆ ಬಿದಿರ ಗಳ ಕೊಟ್ಟಳು.

ಬುಟ್ಟಿಯ ಜೊತೆ ಏಳು ಜನ ಹೆಂಗಸರನ್ನು ಕರೆದುಕೊಂಡು ಹೋದಳಂತೆ. ಒಂದು ಬುಟ್ಟಿಗೆ ಎಂಟು ಜನ, ಏನು ಬೀಗರ ಮನೆ ಊಟಕ್ಕೆ ಬಂದಿರಾ ಅಂತ ಹೊನ್ನಗುಡ್ಡದವರು ಕಿಚಾಯಿಸಿದರು. ಗೌಡನ ಆಳುಗಳು ಮೊಳದ ಬುಟ್ಟಿಯಲ್ಲಿ ಅಳೆದು ಸುರಿದರು. ಒಂದು ಸುರಿದರು, ಎರಡು ಸುರಿದರು. ರಾಗಿ ತಳ ಬಿಟ್ಟು ಏಳಲೇ ಇಲ್ಲ. ಮೂರನೆಯದಕ್ಕೆ ಗೌಡ ಕೈ ಅಡ್ಡ ಹಿಡಿದ.

"ಎರಡಾಯ್ತಲ್ಲವ್ವ, ಇನ್ನೇನು?"

"ನಾನು ಕೇಳಿದ್ದು ಎರಡು ಮೊಳ ಗೌಡ್ರೇ, ಎರಡು ಬುಟ್ಟಿಯಲ್ಲ. ಉದ್ದಕ್ಕೂ ಎರಡು, ಅಡ್ಡಕ್ಕೂ ಎರಡು, ಆಳಕ್ಕೂ ಎರಡು. ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು. ನೀವು ಸುರೀತಾ ಇರಿ, ನಾನು ಎಣಿಸ್ತೀನಿ."

ಗೌಡ ಬುಟ್ಟಿಯ ಸುತ್ತ ಒಂದು ಸುತ್ತು ಬಂದನಂತೆ, ಬಗ್ಗಿ ಒಳಗೆ ನೋಡಿದನಂತೆ. ಹತ್ತು ಜನರ ಮುಂದೆ ಆಡಿದ ಮಾತು, ನುಂಗೋಕಾಗುತ್ತಾ? ಎಂಟನೆಯ ಹೊರೆಯನ್ನು ತಾನೇ ಎತ್ತಿ ಸುರಿದ. ಕಾಳು ಕಂಠಕ್ಕೆ ಸರಿಯಾಗಿ ನಿಂತಿತು. ಎಂಟು ಜನ ಗಳಕ್ಕೆ ಹೆಗಲು ಕೊಟ್ಟು ಹಳ್ಳ ದಾಟಿದರು. ಆ ವರ್ಷ ನಮ್ಮೂರಲ್ಲಿ ಒಂದು ಹೊಲವೂ ಬೀಳು ಬೀಳಲಿಲ್ಲವಂತೆ.

ಹೊನ್ನಗುಡ್ಡದವರು ಇವತ್ತಿಗೂ ಬುಟ್ಟಿ ಕೊಳ್ಳುವಾಗ ಮೊಳ ಕೇಳುವುದಿಲ್ಲ, ಎಷ್ಟು ಕಾಳು ಹಿಡಿಯುತ್ತೆ ಅಂತ ಕೇಳುತ್ತಾರೆ. ನಮ್ಮೂರಲ್ಲಿ ಬಿತ್ತನೆಯ ಮೊದಲ ರಾಗಿಯನ್ನು ಯಾರೂ ಒಬ್ಬರೇ ಹೊಲಕ್ಕೆ ಒಯ್ಯುವುದಿಲ್ಲ. ಬುಟ್ಟಿ ಗೇಣಗಲ ಇದ್ದರೂ ಸರಿ, ಎಂಟು ಮನೆಯ ಹೆಂಗಸರು ಅದಕ್ಕೆ ಕೈ ಹಚ್ಚಿ, ಒಬ್ಬರನ್ನೊಬ್ಬರು ತಳ್ಳಾಡಿಕೊಂಡು, ನಗುತ್ತ ಹೋಗುತ್ತಾರೆ.